ಐದನೇ ನಂಬರಿನ ಚಡ್ಡಿಗೆ ಹಾಕಿದ ಹೊಲಿಗೆ

ಹೋದ ತಿಂಗಳು ಎವರ್‌ಗ್ರೀನ್ ಬಡಾವಣೆಯಿಂದ ಗುರುತಿನ ಹುಡುಗಿ ಸಬಾಳ ತಾಯಿ ಫೋನು ಮಾಡಿದರು. ಬೆಂಗಳೂರಿನವರು, ಮಾತು ಜೋರು. "ಆಂಟಿ, ನಮ್ ಸಬಾಗೆ ಒಂದು ಕಾಲೇಜಿನ ಫುಟ್‌ಬಾಲ್ ಟೀಮಲ್ಲಿ ಕೆಲಸ ಸಿಕ್ತು. ಕಿಟ್ ರೂಮಂತೆ! ಬಟ್ಟೆ ಒಗೆಯೋಕೆ ಡಿಗ್ರಿ ಯಾಕ್ ಬೇಕಿತ್ತು ಅಂತ ಅವರ ಡ್ಯಾಡಿ ಮುಖ ಊದಿಸ್ಕೊಂಡು ಕೂತಿದ್ದಾರೆ. ನೀವೊಂದ್ಸಲ ಅವಳ ಹತ್ರ ಮಾತಾಡಿ" ಎಂದರು. ಮಾತಾಡಿದೆ. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಸಬಾಗೆ ಅರ್ಥವಾಯಿತು, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ ಬಂತು. ಕೊನೆಗೆ, ಬರೆದು ಕೊಡಿ, ಅಮ್ಮ ಓದಿ ಹೇಳುತ್ತಾಳೆ ಎಂದಳು.

ನಾನು ಕಲಿತದ್ದು ಏಳನೇ ಇಯತ್ತೆಯವರೆಗೆ. ಅಷ್ಟರಲ್ಲಿ ಬಂದಂತೆ ಬರೆಯುತ್ತೇನೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಫುಟ್‌ಬಾಲ್ ತಂಡಗಳ ಬಟ್ಟೆ ಒಗೆದೆ, ಹೊಲಿದೆ, ಮಡಚಿದೆ. ಯಾವಾಗ ಯಾವ ಹುದ್ದೆ ಕೊಟ್ಟರು ಎಂಬುದನ್ನು ಬರೆಯುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ನನ್ನ ಮೊದಲ ಕ್ಲಬ್ಬು, ಅಲ್ಲಿಗೆ ಬಂದ ಒಬ್ಬ ಇಟಲಿಯ ಆಟಗಾರ, ನನ್ನ ತಮ್ಮ, ಮತ್ತು ನಾನು ಮಾಡಿದ ಒಂದು ಕೆಟ್ಟ ಕೆಲಸ, ಇಷ್ಟನ್ನು ಬರೆಯುತ್ತೇನೆ.

ಆಗ ನಾವು ಅಮೆರಿಕದ ಓಕ್ಲ್ಯಾಂಡಿನಲ್ಲಿದ್ದೆವು. ನನ್ನ ಗಂಡ ಬಂದರಿನಲ್ಲಿ ಕಂಟೇನರ್ ಲಾರಿ ಓಡಿಸುತ್ತಿದ್ದರು. ಎಲ್ಲಿ ನೋಡಿದರೂ ಇಂಟರ್‌ನೆಟ್ ಕಂಪನಿಗಳು ಹುಟ್ಟುತ್ತಿದ್ದ ಕಾಲ. ನಾಯಿಗೆ ಸ್ನಾನ ಮಾಡಿಸಲಿಕ್ಕೂ ಒಂದು ಕಂಪನಿ ಇತ್ತು. ಅಂಥ ಒಂದು ಕಂಪನಿಯ ಮಾಲೀಕ, ಇನ್ನೂ ಹುಡುಗುಮುಖದವನು, ಫುಟ್‌ಬಾಲ್ ಕ್ಲಬ್ಬೊಂದನ್ನು ಕೊಂಡಿದ್ದ. ದೊಡ್ಡ ಲೀಗಿನದ್ದಲ್ಲ, ಅದರ ಕೆಳಗಿನದು. ಆಟಗಾರರಿಗೆ ಸಂಬಳವಿದ್ದರೂ ಅದರಲ್ಲೇ ಬದುಕುವಂತಿರಲಿಲ್ಲ. ಹೆಚ್ಚಿನವರು ಬೆಳಿಗ್ಗೆ ಬೇರೆ ಕೆಲಸ ಮಾಡಿ ಮಧ್ಯಾಹ್ನ ಅಭ್ಯಾಸಕ್ಕೆ ಬರುತ್ತಿದ್ದರು.

ನನ್ನ ತಮ್ಮ ಇಮ್ತಿಯಾಜ್ ಅಲ್ಲಿ ಡಿಫೆಂಡರ್. ಬೆಳಗಾವಿಯ ಕ್ಯಾಂಪಿನ ಮೈದಾನದಲ್ಲಿ ಬರಿಗಾಲಲ್ಲಿ ಆಡಿ ಕಲಿತವನು. ನಮ್ಮ ಬೆನ್ನ ಹಿಂದೆಯೇ ಅಮೆರಿಕಕ್ಕೆ ಬಂದು, ಇಂಟರ್‌ನೆಟ್ಟಿನಲ್ಲಿ ಹೂವು ಮಾರುವ ಕಂಪನಿಯ ಗೋದಾಮಿನಲ್ಲಿ ಕೆಲಸಕ್ಕಿದ್ದ. ಬೆಳಗಿನ ಹೊತ್ತು ತಣ್ಣನೆಯ ಕೋಣೆಯಲ್ಲಿ ಗುಲಾಬಿ ಕಟ್ಟಿ ಪೆಟ್ಟಿಗೆಗೆ ತುಂಬುವುದು, ಮಧ್ಯಾಹ್ನ ಮೈದಾನ. ಅವನು ಓಡಿ ಬಂದರೆ ಬೆವರಿನ ಜೊತೆ ಗುಲಾಬಿಯ ವಾಸನೆ ಬರುತ್ತಿತ್ತು. ತಂಡದವರೆಲ್ಲ ಅವನನ್ನು "ಮದುಮಗಳು" ಎಂದು ಕಾಡುತ್ತಿದ್ದರು. ಕ್ಲಬ್ಬಿಗೆ ಹೊಲಿಗೆ ಬಲ್ಲವರು ಬೇಕು ಎಂದು ಹೇಳಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನು ಅವನೇ. ನಮ್ಮ ಅಬ್ಬಾ ದರ್ಜಿ. ನನಗೆ ಅಕ್ಷರಕ್ಕಿಂತ ಮೊದಲು ಸೂಜಿ ಕೈಗೆ ಬಂದಿತ್ತು.

ಕಿಟ್ ರೂಮಿನ ಯಜಮಾನರು ಓಟಿಸ್. ಓಕ್ಲ್ಯಾಂಡಿನಲ್ಲೇ ಹುಟ್ಟಿ ಬೆಳೆದ ವಯಸ್ಸಾದವರು, ಮೊದಲು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿದ್ದವರು. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಮಣ್ಣು ಒಣಗಿದ ಮೇಲೆ ಕೊಡವಿ ಆಮೇಲೆ ಒಗೆಯಬೇಕು, ಬಟ್ಟೆ ಮೆತ್ತಗಾಗುವ ಔಷಧಿ ಹಾಕಿದರೆ ಅಂಗಿ ಬೆವರು ಹೀರುವುದಿಲ್ಲ, ಇವೆಲ್ಲ ಅವರಿಂದ ಕಲಿತದ್ದು. ಮೊದಲ ದಿನವೇ ಇನ್ನೊಂದು ಮಾತು ಹೇಳಿದರು: "ನೂರ್‌ಜಾನ್, ಈ ಕೋಣೆಯಲ್ಲಿ ಕಂಡದ್ದು ಈ ಕೋಣೆಯಲ್ಲೇ ಇರಬೇಕು. ಯಾರ ಚಡ್ಡಿ ಹರಿದಿದೆ, ಯಾರು ಸೋತು ಬಂದು ಮೂಲೆಯಲ್ಲಿ ಅತ್ತರು, ನಿನ್ನ ಗಂಡನಿಗೂ ಹೇಳಬೇಡ." ಒಳ್ಳೆಯ ಮಾತು. ಅದನ್ನೇ ನಾನು ಮುಂದೆ ಅಡ್ಡ ಹಿಡಿದುಕೊಂಡೆ.

ನನ್ನ ಮೊದಲ ಎಡವಟ್ಟು ಎರಡನೇ ವಾರವೇ ಆಯಿತು. ಆಗ ಅಂಗಿಯ ನಂಬರುಗಳನ್ನು ಬಿಸಿ ಒತ್ತುಯಂತ್ರದಲ್ಲಿ ಅಂಟಿಸುವ ಪದ್ಧತಿ ಬಂದಿತ್ತು. ನಾನು ಒಗೆದ ಅಂಗಿಗಳು ಸುಕ್ಕಾಗಿವೆಯೆಂದು ಚೆನ್ನಾಗಿ ಇಸ್ತ್ರಿ ಹಾಕಿದೆ. ನಂಬರುಗಳೆಲ್ಲ ಕರಗಿ ಇಸ್ತ್ರಿಪೆಟ್ಟಿಗೆಗೆ ಅಂಟಿಕೊಂಡವು. ಮರುದಿನ ಮ್ಯಾಚು! ಇದ್ದ ಬಟ್ಟೆ ಕತ್ತರಿಸಿ ಹದಿನೆಂಟು ಅಂಗಿಗೂ ಅಬ್ಬಾ ಕಲಿಸಿದ ಹಾಗೆ ನಂಬರು ಹೊಲಿದೆ. ಅಬ್ಬಾನದ್ದು ಒಂದು ರೂಢಿ ಇತ್ತು. ಹೊಲಿಗೆ ಮುಗಿಯುವಲ್ಲಿ ಮೂರು ಸಲ ಸೂಜಿಯನ್ನು ಹಿಂದಕ್ಕೆ ಹಾಯಿಸಿ ಟಾಕಿ ಹಾಕಿ, ಉಳಿದ ದಾರವನ್ನು ಕತ್ತರಿಸದೆ ಹೊಲಿಗೆಯ ಹೊಟ್ಟೆಯೊಳಗೇ ತೂರಿಸಿಬಿಡುತ್ತಿದ್ದರು. ಎಳೆದರೂ ಬಿಚ್ಚುವುದಿಲ್ಲ. ಕೈಗೆ ಸಣ್ಣ ಗಂಟು ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಮ್ಯಾಚು ಮುಗಿದ ಮೇಲೆ ಐದನೇ ನಂಬರಿನವನು ಕಿಟ್ ರೂಮಿನ ಬಾಗಿಲಿಗೆ ಬಂದು, ಅಂಗಿ ಬಿಚ್ಚಿ, ನನಗೆ ಬೆನ್ನು ತೋರಿಸಿ ನಿಂತ. ಬೆನ್ನ ತುಂಬ 5 ಎಂದು ಕೆಂಪಗೆ ಬರೆ ಎದ್ದಿತ್ತು. ನನ್ನ ಹೊಲಿಗೆ ಉಜ್ಜಿದ ಗುರುತು.

"ಸಿನ್ಯೋರಾ, ನಾನು ಇಪ್ಪತ್ತು ವರ್ಷದಿಂದ ಆಡುತ್ತಿದ್ದೇನೆ. ಎದುರಾಳಿಗಳು ಯಾರೂ ನನಗೆ ಇಷ್ಟು ಚೆನ್ನಾಗಿ ಹೊಡೆದಿಲ್ಲ" ಎಂದ.

ನಾನು ಹೆದರಿ ನಿಂತಿದ್ದರೆ ಅವನು ನಗುತ್ತಿದ್ದ. ಅಂಗಿಯನ್ನು ಒಳಮಗ್ಗುಲು ಮಾಡಿ ಹೊಲಿಗೆ ನೋಡಿ, "ಆದರೆ ಹೊಲಿಗೆ ಒಳ್ಳೆಯದು. ಒಳಗೊಂದು ಅಸ್ತರು ಹಾಕಿಬಿಡಿ" ಎಂದ. ಆ ಇಟಲಿಯವನ ಹೆಸರು ಡಾರಿಯೋ. ಸಿನ್ಯೋರಾ ಎಂದರೆ ಅವರಲ್ಲಿ ಅಮ್ಮಾವರೆ ಎಂದಂತೆ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದವು, ಹಾಗಾಗಿ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಡಾರಿಯೋನ ಆಟದ ಕಥೆಯನ್ನು ನಾನು ಕೇಳಿದ್ದು ತುಂಡು ತುಂಡಾಗಿ, ಅವನ ಬಟ್ಟೆ ರಿಪೇರಿ ಮಾಡುತ್ತಾ. ಸಮುದ್ರದ ದಂಡೆಯ ಸಣ್ಣ ಊರಿನವನು. ತಂದೆ ಹಡಗಿನ ಸಾಮಾನು ಇಳಿಸುವವರು. ಹದಿನಾಲ್ಕಕ್ಕೆ ಒಂದು ಕ್ಲಬ್ಬಿನವರು ಎತ್ತಿಕೊಂಡು ಹೋದರು. ಮೂರನೇ ದರ್ಜೆಯ ಲೀಗಿನಲ್ಲಿ ಹಲವು ವರ್ಷ, ಎರಡನೇ ದರ್ಜೆಯಲ್ಲಿ ಇನ್ನೂ ಹೆಚ್ಚು ವರ್ಷ, ಎಲ್ಲಕ್ಕೂ ಮೇಲಿನದರಲ್ಲಿ ಒಂದೇ ಒಂದು ವರ್ಷ. ಅವನ ಕೆಲಸ ಒಂದೇ. ಎದುರು ತಂಡದ ಗೋಲು ಹೊಡೆಯುವವನನ್ನು ಆಟ ಮುಗಿಯುವವರೆಗೆ ಬಿಡದೆ ಹಿಂಬಾಲಿಸುವುದು. "ಅವನು ನೀರು ಕುಡಿಯಲು ಹೋದರೆ ನಾನೂ ಹೋಗಬೇಕು. ಅವನ ಹೆಂಡತಿಗಿಂತ ನನಗೆ ಅವನ ಬೆನ್ನಿನ ಪರಿಚಯ ಹೆಚ್ಚು" ಎನ್ನುತ್ತಿದ್ದ. ಮೇಲಿನ ಲೀಗಿನಲ್ಲಿದ್ದ ಆ ಒಂದು ವರ್ಷ, ಊರೆಲ್ಲ ಹೆದರುವ ಆಟಗಾರನೊಬ್ಬನನ್ನು ಒಂದು ಗೋಲೂ ಹೊಡೆಯದಂತೆ ಕಟ್ಟಿಹಾಕಿದ್ದನಂತೆ. ಆಟ ಮುಗಿದ ಮೇಲೆ ಆ ಮನುಷ್ಯ ಸಿಟ್ಟಿನಿಂದ ತನ್ನ ಅಂಗಿ ಬಿಚ್ಚಿ ಇವನ ಮುಖದ ಮೇಲೆ ಎಸೆದು, "ತಗೋ, ಹೇಗೂ ದಿನವೆಲ್ಲ ಇದರೊಳಗೇ ಇದ್ದೆಯಲ್ಲ" ಎಂದನಂತೆ. ಅದನ್ನು ಮನೆಗೆ ತಂದರೆ ತಾಯಿ ಒಲೆ ಒರೆಸಲು ಇಟ್ಟುಕೊಂಡರಂತೆ.

ಆಮೇಲೆ ಪದ್ಧತಿ ಬದಲಾಯಿತು. ಮನುಷ್ಯನನ್ನು ಹಿಂಬಾಲಿಸುವುದು ಹಳೆಯದಾಯಿತು, ನಾಲ್ವರು ಡಿಫೆಂಡರ್‌ಗಳು ಒಂದು ಗೆರೆಯಲ್ಲಿ ನಿಂತು ಒಟ್ಟಿಗೇ ಮುಂದೆ ಹಿಂದೆ ಸರಿಯಬೇಕು ಎಂದರು. ಒಬ್ಬ ಕೋಚು ನಾಲ್ವರ ಸೊಂಟಕ್ಕೂ ಹಗ್ಗ ಕಟ್ಟಿ ಅಭ್ಯಾಸ ಮಾಡಿಸಿದನಂತೆ. ಡಾರಿಯೋ ಅಭ್ಯಾಸಬಲದಿಂದ ಒಬ್ಬನ ಹಿಂದೆ ಓಡಿದ, ಉಳಿದ ಮೂವರು ಮಕಾಡೆ ಬಿದ್ದರು. ಆ ವರ್ಷವೇ ಅವನನ್ನು ಕೆಳಗಿನ ಲೀಗಿಗೆ ಕಳಿಸಿದರು. ಆದರೂ ಬಿಡದೆ ಹೊಸದನ್ನು ಕಲಿತ. ವಯಸ್ಸಾದ ಮೇಲೆ, ಎಲ್ಲರೂ ಮನೆಗೆ ಹೋಗು ಎಂದಾಗ, ಅಮೆರಿಕಕ್ಕೆ ಬಂದ.

ಇಲ್ಲಿ ನನ್ನ ತಮ್ಮನಿಗೆ ಕಲಿಸಿದವನೂ ಅವನೇ. ಇಬ್ಬರದೂ ಒಂದೇ ಜಾಗ. ಡಾರಿಯೋ ಆಡಿದರೆ ಇಮ್ತಿಯಾಜ್ ಬೆಂಚಿನ ಮೇಲೆ. ಆದರೂ ಅಭ್ಯಾಸ ಮುಗಿದ ಮೇಲೆ ಅವನನ್ನು ನಿಲ್ಲಿಸಿಕೊಂಡು ಕಲಿಸುತ್ತಿದ್ದ. ನನ್ನಿಂದ ಅಗಲವಾದ ಇಲ್ಯಾಸ್ಟಿಕ್ಕಿನ ಪಟ್ಟಿ ಹೊಲಿಸಿ ಇಬ್ಬರ ಸೊಂಟಕ್ಕೂ ಬಿಗಿದು ಓಡಿಸುತ್ತಿದ್ದ. "ಚೆಂಡು ನೋಡಬೇಡ, ಅದು ಸುಳ್ಳು ಹೇಳುತ್ತದೆ. ಕಾಲು ನೋಡಬೇಡ, ಅದೂ ಸುಳ್ಳು. ಸೊಂಟ ನೋಡು" ಎಂದು ಕೂಗುತ್ತಿದ್ದ. ತಮ್ಮ ನನ್ನ ಹತ್ತಿರ ಬಂದು, "ಅಕ್ಕಾ, ಈ ಮುದುಕ ನನ್ನ ಎತ್ತಿನಂಗ ಹೂಡ್ಯಾನ ನೋಡು" ಎನ್ನುತ್ತಿದ್ದ. ಬೈದರೂ ಒಂದು ದಿನ ತಪ್ಪಿಸುತ್ತಿರಲಿಲ್ಲ.

ಎರಡನೇ ವರ್ಷದ ಅರ್ಧಕ್ಕೆ ಡಾರಿಯೋ ಒಂದು ದಿನ ಓಟಿಸ್ ಇಲ್ಲದ ಹೊತ್ತು ನೋಡಿ ಕಿಟ್ ರೂಮಿಗೆ ಬಂದು ಬಾಗಿಲು ಹಾಕಿದ. ಬಲ ತೊಡೆಯ ಹಿಂದಿನ ಸ್ನಾಯು ಹರಿದಿತ್ತು. ಬಟ್ಟೆ ಸರಿಸಿ ತೋರಿಸಿದ, ಬದನೆಕಾಯಿಯ ಬಣ್ಣ. ತಂಡದ ಫಿಸಿಯೋ ನೋಡಿದರೆ ಆಡಿಸುವುದಿಲ್ಲ. ಆ ವರ್ಷ ಪೂರ್ತಿ ಆಡಿದರೆ ಕ್ಲಬ್ಬಿನ ಮಕ್ಕಳ ತಂಡಕ್ಕೆ ಕೋಚ್ ಮಾಡುತ್ತೇವೆಂದು ಮಾಲೀಕ ಮಾತು ಕೊಟ್ಟಿದ್ದ. "ಚಡ್ಡಿಯ ಒಳಗೆ, ಅಸ್ತರಿಗೆ ಸೇರಿಸಿ ಒಂದು ಬಿಗಿ ಪಟ್ಟಿ ಹೊಲಿದು ಕೊಡಿ ಸಿನ್ಯೋರಾ. ತೊಡೆಯನ್ನು ಕಟ್ಟಿದ ಹಾಗೆ ಹಿಡಿಯಬೇಕು. ಒಗೆಯಲು ನಿಮ್ಮ ಕೈಗೇ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ" ಎಂದ.

ನಾನು ಹೊಲಿದು ಕೊಟ್ಟೆ. ಮೂರು ಚಡ್ಡಿಗೂ.

ಏಕೆ ಹೊಲಿದೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಡಾರಿಯೋ ಮೇಲೆ ಕನಿಕರ ಇತ್ತು, ನಿಜ. ಆದರೆ ಸೂಜಿಗೆ ದಾರ ಪೋಣಿಸುವಾಗ ನನ್ನ ತಲೆಯಲ್ಲಿ ಇದ್ದದ್ದು ಅವನ ತೊಡೆಯಲ್ಲ, ಇಮ್ತಿಯಾಜನ ಗೋದಾಮು. ಹೂವಿನ ಕಂಪನಿಯವರು ಅವನನ್ನು ಸೂಪರ್‌ವೈಸರ್ ಮಾಡುತ್ತೇವೆ, ಷೇರು ಕೊಡುತ್ತೇವೆ ಎಂದಿದ್ದರು. ನಾನು ಗುರುತಿನವರ ಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಆದರೆ ದಿನಾ ಆಡುವ ಹನ್ನೊಂದರಲ್ಲಿ ಸೇರಿದವನು ಊರೂರು ತಿರುಗಬೇಕು, ಅಷ್ಟು ರಜೆ ಕೊಡದ ಗೋದಾಮಿನ ಕೆಲಸ ಬಿಡಲೇಬೇಕು. ಅದನ್ನು ಅವನಿಗೆ ಹೇಳಿದರೆ, "ನಂಗ ಷೇರು ಬ್ಯಾಡ ಅಕ್ಕಾ, ಐದನೇ ನಂಬರಿನ ಶರ್ಟು ಬೇಕು" ಎನ್ನುತ್ತಿದ್ದ. ಡಾರಿಯೋ ಆಡುತ್ತಿರುವಷ್ಟು ದಿನ ತಮ್ಮ ಬೆಂಚಿನ ಮೇಲಿರುತ್ತಾನೆ, ಬೆಂಚಿನ ಮೇಲಿರುವಷ್ಟು ದಿನ ಗೋದಾಮು ಬಿಡುವುದಿಲ್ಲ. ಅವನ ಒಳ್ಳೆಯದಕ್ಕೇ ಎಂದುಕೊಂಡೆ. ಅವನಿಗೆ ಏನು ಒಳ್ಳೆಯದು ಎಂದು ಅವನನ್ನು ಕೇಳಲಿಲ್ಲ.

ವರ್ಷದ ಕೊನೆಯ ಮ್ಯಾಚು ನಮ್ಮದೇ ಮೈದಾನದಲ್ಲಿ. ಡಿಫೆಂಡರ್‌ಗಳನ್ನು ಹುಡುಕಿಕೊಂಡು ದೊಡ್ಡ ಲೀಗಿನ ತಂಡವೊಂದರ ಕಡೆಯ ಇಬ್ಬರು ಆಟ ನೋಡಲು ಬರುತ್ತಾರೆಂದು ಸುದ್ದಿ ಬಂತು. ಹಿಂದಿನ ದಿನ ಮಧ್ಯಾಹ್ನ ಇಮ್ತಿಯಾಜ್ ನಮ್ಮ ಅಪಾರ್ಟ್‌ಮೆಂಟಿಗೆ ಬಂದ. ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದವನು ಬಾಯಿಗೆ ಇಡಲಿಲ್ಲ.

"ಅಕ್ಕಾ, ಖರೇ ಹೇಳು. ಡಾರಿಯೋನ ಕಾಲು ಹೆಂಗ ಐತಿ?"

"ಯಾಕ? ಏನಾಗೇತಿ?"

"ತಿರಗೂವಾಗ ಎಳೀತಾನ. ಯಾರಿಗೂ ಕಾಣವಲ್ದು, ನನಗ ಕಾಣತೈತಿ. ಅವನ ಬಟ್ಟಿ ನಿನ್ನ ಕೈಯಾಗ ಬರತಾವು. ನೀ ನೋಡಿರತಿ. ನೀ ಹೂಂ ಅಂದ್ರ ಈಗ ಹೋಗಿ ಕೋಚ್‌ಗೆ ಹೇಳ್ತೀನಿ, ನಾಳೆ ನನ್ನ ಇಳಸ್ರಿ ಅಂತ. ಇಲ್ಲಂದ್ರ ಸುಳ್ಳ ಸುಳ್ಳ ಕಲಿಸಿದವನ ಹೊಟ್ಟಿ ಮ್ಯಾಲ ಕಾಲಿಟ್ಟಂಗ ಆಗತೈತಿ. ಬಾಯಿ ಮುಚ್ಚಿಕೊಂಡು ಕುಂದರತೀನಿ."

ಒಂದು "ಹೂಂ" ಸಾಕಾಗಿತ್ತು.

"ಕಾಲು ಗಟ್ಟಿ ಐತಿ. ನಾ ನೋಡೀನಲ್ಲ" ಎಂದೆ.

ಅವನು ಎರಡನೇ ಪ್ರಶ್ನೆ ಕೇಳಲಿಲ್ಲ. ರೊಟ್ಟಿ ತಿಂದು, ಕೈ ತೊಳೆದು, "ಹಂಗಾದ್ರ ಆತು ಬಿಡು" ಎಂದು ಹೋದ.

ಮ್ಯಾಚಿನ ದಿನ ಡಾರಿಯೋ ಮೊದಲರ್ಧ ಚೆನ್ನಾಗಿಯೇ ಆಡಿದ. ಓಡಬೇಕಾದ ಕಡೆಗೆ ಮೊದಲೇ ಹೋಗಿ ನಿಂತಿರುತ್ತಿದ್ದ, ಹಾಗಾಗಿ ಓಡುವುದೇ ಬೇಕಾಗಲಿಲ್ಲ. ಎರಡನೇ ಅರ್ಧದಲ್ಲಿ ಎದುರು ತಂಡದ ಒಬ್ಬ ಹುಡುಗ ಎಡಕ್ಕೆ ತಿರುಗಿದಂತೆ ಮಾಡಿ ಬಲಕ್ಕೆ ಹೊರಳಿದ. ಡಾರಿಯೋ ಅವನ ಸೊಂಟ ನೋಡಿದ್ದ, ಸರಿಯಾಗಿಯೇ ತಿರುಗಿದ, ತೊಡೆ ಮಾತ್ರ ಬರಲಿಲ್ಲ. ಗೋಲಾಯಿತು. ಅವನು ಹುಲ್ಲಿನ ಮೇಲೆ ಮುಖ ಒತ್ತಿಕೊಂಡು ಬಿದ್ದಿದ್ದ. ಅವನ ಬದಲು ಇಮ್ತಿಯಾಜನನ್ನು ಮೈದಾನಕ್ಕೆ ಇಳಿಸಿದರು. ಅವನು ಚೆಂಡು ಮುಟ್ಟುವ ಮೊದಲೇ, ನೋಡಲು ಬಂದಿದ್ದ ಇಬ್ಬರೂ ಕಾಗದ ಮಡಚಿಕೊಂಡು ಕಾರಿನ ಕಡೆಗೆ ನಡೆದದ್ದನ್ನು ನಾನು ನೋಡಿದೆ. ಉಳಿದ ಹದಿನೈದು ನಿಮಿಷ ನನ್ನ ತಮ್ಮ ಹೇಗೆ ಆಡಿದ! ಒಂದು ನೊಣವನ್ನೂ ಒಳಗೆ ಬಿಡಲಿಲ್ಲ. ನೋಡಬೇಕಾದವರು ಇರಲಿಲ್ಲ.

ಆಟ ಮುಗಿದ ಮೇಲೆ ಫಿಸಿಯೋ ಡಾರಿಯೋನನ್ನು ಮೇಜಿನ ಮೇಲೆ ಮಲಗಿಸಿ ಕತ್ತರಿಯಿಂದ ಚಡ್ಡಿ ಸೀಳಿದ. ಪಟ್ಟಿ ಹೊರಗೆ ಬಂತು. "ಇದೇನಿದು?" ಎಂದು ನೆಲಕ್ಕೆ ಹಾಕಿದ. ಬೆವರಿನಲ್ಲಿ ನೆನೆದು ಬಂದ ಇಮ್ತಿಯಾಜ್ ಬಗ್ಗಿ ಅದನ್ನು ಎತ್ತಿಕೊಂಡ. ಹೊಲಿಗೆ ಮುಗಿಯುವ ಜಾಗದಲ್ಲಿ ಹೆಬ್ಬೆರಳು ಆಡಿಸಿದ. ಹುಟ್ಟಿದಾಗಿನಿಂದ ಅವನು ತೊಟ್ಟ ಬಟ್ಟೆಯೆಲ್ಲ ಅಬ್ಬಾ ಹೊಲಿದದ್ದು.

"ಇದು ಅಬ್ಬಾನ ಟಾಕಿ" ಎಂದ.

ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದ. ಆ ತುಂಡನ್ನು ಒಗೆಯುವ ಬುಟ್ಟಿಗೆ ಹಾಕಿ ಹೊರಗೆ ಹೋದ.

ಡಾರಿಯೋ ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡ. "ಹೊಲಿದು ಕೊಡಿ ಎಂದು ಕೇಳಿದವನು ನಾನೇ, ಆಕೆ ಮುದುಕನೊಬ್ಬನಿಗೆ ಇಲ್ಲ ಎನ್ನಲಾರದೆ ಹೊಲಿದಳು" ಎಂದು ಕೋಚಿಗೆ ಹೇಳಿದ. ಎಲ್ಲರೂ ನಂಬಿದರು. ಓಟಿಸ್ ಮಾತ್ರ ನನ್ನನ್ನು ಕೂರಿಸಿಕೊಂಡು, "ನಾನು ಮುಚ್ಚಿಡು ಎಂದದ್ದು ನಾಚಿಕೆಯನ್ನು, ನೋವನ್ನಲ್ಲ. ಇಷ್ಟು ಗೊತ್ತಾಗಲಿಲ್ಲವೆ?" ಎಂದರು. ಕೆಲಸದಿಂದ ತೆಗೆಯಲಿಲ್ಲ. ಒಂದು ತಿಂಗಳು ಸೂಜಿ ಮುಟ್ಟಲು ಬಿಡದೆ ಬರೀ ಕಾಲುಚೀಲ ಒಗೆಸಿದರು. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದ್ದೂ ಓಟಿಸ್ ಹೇಳಿದ ಆ ಮಾತೇ. ಒಗೆಯುವವರಿಗೆ ಡಾಕ್ಟರಿಗಿಂತ ಮೊದಲು ಎಲ್ಲ ಗೊತ್ತಾಗುತ್ತದೆ. ಯಾವ ಅಂಗಿಯಲ್ಲಿ ರಕ್ತ, ಯಾರ ಕಾಲುಚೀಲದಲ್ಲಿ ಕೀವು, ಯಾರ ಬೆವರಿಗೆ ಔಷಧಿಯ ವಾಸನೆ. ನೋವು ಕಂಡರೆ ಆ ದಿನವೇ ಹೇಳಿ. ಬೈಸಿಕೊಳ್ಳಿ, ಆದರೆ ಹೇಳಿ.

ಮೂರು ವಾರ ಇಮ್ತಿಯಾಜ್ ನಮ್ಮ ಮನೆಗೆ ಬರಲಿಲ್ಲ. ಆಮೇಲೆ ಒಂದು ದಿನ ಬಂದು ಕೂತ. "ಹೋಗ್ಲಿ ಬಿಡ ಅಕ್ಕಾ. ಮುದುಕನ ಮ್ಯಾಲ ಕರುಣಾ ಬಂತು, ಹೊಲದಿ, ನನಗೂ ಹೇಳಲಿಲ್ಲ. ನಾನಾಗಿದ್ರೂ ಹಂಗ ಮಾಡತಿದ್ದೆ" ಎಂದ. ನಾನು ಮಾಡದ ತಪ್ಪನ್ನು ಕ್ಷಮಿಸಿ, ರೊಟ್ಟಿ ಕೇಳಿದ. ನಾನು ಬಡಿಸಿದೆ.

ಅದಾದ ಮೇಲೆ ಎಲ್ಲವೂ ಬೇಗ ಬೇಗ ಮುಗಿಯಿತು. ಒಂದು ಬೆಳಿಗ್ಗೆ ತಮ್ಮ ಕೆಲಸಕ್ಕೆ ಹೋದರೆ ಹೂವಿನ ಗೋದಾಮಿಗೆ ಬೀಗ ಬಿದ್ದಿತ್ತು. ಒಳಗೆ ಗುಲಾಬಿ ಕೊಳೆಯುತ್ತಿತ್ತಂತೆ. ಮತ್ತೆರಡು ತಿಂಗಳಲ್ಲಿ ಮಾಲೀಕನ ಕಂಪನಿಯೂ ಮುಳುಗಿ ಕ್ಲಬ್ಬು ಮುಚ್ಚಿತು. ಯಾವ ಗೋದಾಮಿಗಾಗಿ ಅವನ ಆಟ ತಡೆದೆನೋ ಅದೇ ಇರಲಿಲ್ಲ. ಡಾರಿಯೋಗೆ ಮಾತು ಕೊಟ್ಟಿದ್ದ ಕೆಲಸವೂ ಇರಲಿಲ್ಲ. ನಾನು ಕಿಟ್ ರೂಮಿನ ಷೆಲ್ಫುಗಳನ್ನು ಒರೆಸಿ ಓಟಿಸ್‌ಗೆ ಕೀಲಿ ಕೊಟ್ಟೆ.

ಆದರೆ ಆ ಇಬ್ಬರೂ ಸುಮ್ಮನೆ ಕೂರುವವರಲ್ಲ. ಓಕ್ಲ್ಯಾಂಡಿಗೆ ಹತ್ತಿರದ ಸ್ಯಾನ್ ರಮೋನ್ ಊರಿನಲ್ಲಿ ಖಾಲಿ ಬಿದ್ದ ಆಫೀಸೊಂದರ ಹಿಂದೆ ಒಳ್ಳೆಯ ಹುಲ್ಲು ಇತ್ತು. ಡಾರಿಯೋ ಕೋಲೂರಿಕೊಂಡು, ಇಮ್ತಿಯಾಜ್ ಸೀಟಿ ಹಿಡಿದುಕೊಂಡು, ಅಲ್ಲಿ ಒಂಬತ್ತು ಮಕ್ಕಳಿಗೆ ಆಟ ಕಲಿಸಲು ಶುರು ಮಾಡಿದರು. ಒಂಬತ್ತು ಮೂವತ್ತಾಯಿತು, ಮೂವತ್ತು ನೂರು ದಾಟಿತು. ಒಬ್ಬ ಮನುಷ್ಯನನ್ನು ಕಾಯುವುದು, ಒಂದು ಗೆರೆಯನ್ನು ಕಾಯುವುದು, ಎರಡನ್ನೂ ಕಲಿಸುತ್ತಿದ್ದರು. ಕೆಲಸದಿಂದ ಕಾರಿನಲ್ಲಿ ವಾಪಸ್ಸು ಬರುವ ತಂದೆತಾಯಿ ಫ್ರೀವೇ ಬಿಟ್ಟು ಬಂದು ಬೇಲಿಗೆ ಆನಿಕೊಂಡು ನೋಡುತ್ತಿದ್ದರು. ಡಾರಿಯೋ ಎಷ್ಟೋ ವರ್ಷ ಅಲ್ಲೇ ಕಲಿಸಿ, ಈಗ ತನ್ನ ಊರಿನ ಸಮುದ್ರದ ದಂಡೆಗೆ ವಾಪಸ್ಸು ಹೋಗಿದ್ದಾನೆ. ನಡೆಯುವಾಗ ಬಲಗಾಲು ಎಳೆಯುತ್ತದೆ, ಊರಿನ ಮಕ್ಕಳಿಗೆ ಕೂಗುವುದು ಬಿಟ್ಟಿಲ್ಲ. ಇಮ್ತಿಯಾಜ್ ಈಗಲೂ ಸ್ಯಾನ್ ರಮೋನಿನಲ್ಲೇ ಕೋಚು. ಅವನ ಮಗಳು ಡಿಫೆಂಡರ್. ಅವನು ದೊಡ್ಡ ಲೀಗಿನಲ್ಲಿ ಆಡುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಆ ದಿನ ನಾನು ಹೂಂ ಎಂದಿದ್ದರೆ ಅವನಿಗಾದರೂ ಗೊತ್ತಾಗುತ್ತಿತ್ತು.

ಇಲ್ಲಿಯವರೆಗೆ ಬರೆದು ನಿಲ್ಲಿಸಿದೆ. ಸಬಾಳ ಮನೆಯಲ್ಲಿ ಓದುವ ಮೊದಲು ಇದನ್ನು ಕೇಳಬೇಕಾದವನು ಇನ್ನೊಬ್ಬನಿದ್ದ. ಭಾನುವಾರ ಕಾಗದ ತೆಗೆದುಕೊಂಡು ತಮ್ಮನ ಮನೆಗೆ ಹೋದೆ. ಅವನು ಹಿತ್ತಿಲಲ್ಲಿ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದ. ಎದುರು ಕೂತು ಮೊದಲಿನಿಂದ ಓದಿದೆ. ಇಸ್ತ್ರಿಯ ಕಥೆಗೆ ನಕ್ಕ. ಡಾರಿಯೋನ ತಾಯಿ ಒಲೆ ಒರೆಸಿದ್ದಕ್ಕೆ ನಕ್ಕ. ಗೋದಾಮಿನ ಮಾತು ಬಂದಾಗ ಪಂಪು ನಿಂತಿತು. ನಾನು ತಲೆ ಎತ್ತದೆ ಕೊನೆಯವರೆಗೂ ಓದಿದೆ.

ಅವನು ಎದ್ದು ಬೇಲಿಯವರೆಗೆ ಹೋದ, ವಾಪಸ್ಸು ಬಂದ, ಮತ್ತೆ ಹೋದ. ಒಳಗಿನಿಂದ ಮಗಳು ಇಂಗ್ಲಿಷಿನಲ್ಲಿ, ಅತ್ತೆ ಊಟಕ್ಕೆ ಇರುತ್ತಾರಾ ಎಂದು ಕೇಳಿದಳು.

"ಇಲ್ಲ" ಎಂದು ಅವನೇ ಉತ್ತರ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿದ. "ಕರುಣಾ ಅಂತ ತಿಳಕೊಂಡಿದ್ದೆ. ಇಷ್ಟು ವರ್ಷ ಎಲ್ಲಾರಿಗೂ ಹಂಗ ಹೇಳಿಕೋತ ಬಂದೀನಿ, ನಮ್ಮ ಅಕ್ಕನ ಮನಸ್ಸು ಭಾಳ ಮೆತ್ತಗ ಅಂತ."

"ತಪ್ಪಾತು ಇಮ್ತಿಯಾಜ್."

"ಸುಮ್ಮನಿರು. ಈಗ ಬೈಯಾಕ ಬಾಯಿ ಬರವಲ್ದು. ಹದಿನೈದು ದಿನ ಬಿಟ್ಟು ಬಾ. ಅಷ್ಟರಾಗ ಏನೇನು ಬೈಯೂದೈತಿ ಎಲ್ಲಾ ಕೂಡಿಸಿ ಇಟ್ಟಿರತೀನಿ. ಕುಂದ್ರಿಸಿ ಬೈತೀನಿ. ಅಲ್ಲೀತನ ಫೋನ್ ಮಾಡಬ್ಯಾಡ."

ನಾನು ಚೀಲ ಎತ್ತಿಕೊಂಡು ಹೊರಟೆ. ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಕೂಗಿದ: "ಅದನ್ನ ಹರದ ಒಗೀಬ್ಯಾಡ. ಆ ಹುಡುಗಿಗೆ ಕೊಡು. ಗೋದಾಮಿಂದು ತಗೀಬ್ಯಾಡ ಅದರಾಗಿಂದ."

ತೆಗೆದಿಲ್ಲ. ಇವತ್ತಿಗೆ ಒಂಬತ್ತು ದಿನವಾಯಿತು. ಇನ್ನು ಆರು ದಿನ ಇದೆ.